ಸರ್‌ನೇಮ್ ಹುಡುಕಿದ್ರೆ ಅವ್ವ ಸಿಗಲ್ಲ

ಮೊನ್ನೆ ಭಾನುವಾರ ನಮ್ಮನೇಲಿ ಹಿತಕವರೆ ಸಾರು ಅಂತ ನಿಮಗೆಲ್ಲ ಗೊತ್ತೇ ಐತೆ. ನೀವೇ ಬಂದು ಕಾಳು ಹಿತುಕೋಕೆ ಕೈ ಜೋಡಿಸಿದ್ರಲ್ಲ. ನೀವು ಎದ್ದು ಹೋದ ಮೇಲೆ ಏನಾಯ್ತು ಅಂತ ಮಾತ್ರ ಗೊತ್ತಿಲ್ಲ. ಅದನ್ನ ಹೇಳ್ದೆ ಇದ್ರೆ ನನಗೆ ತಿಂದದ್ದು ಅರಗಲ್ಲ.

ಅಮೆರಿಕದಲ್ಲಿರೋ ನಮ್ಮ ಮೈದುನನ ಮಗ ವಿಡಿಯೊ ಕಾಲ್ ಮಾಡಿದ. "ದೊಡ್ಡಮ್ಮ, ನಮ್ಮ ವಂಶ ಸಿಕ್ತು!" ಅಂದ. "ಯಾಕಪ್ಪ, ಕಳೆದೋಗಿತ್ತಾ?" ಅಂದೆ. ಎರಡು ತಿಂಗಳಿಂದ ರಾತ್ರಿ ಕೂತು, ಕಂಪ್ಯೂಟರಿಗೆ ಹಾಕಿರೋ ಹಳೇ ಪುಸ್ತಕ, ಗೆಜೆಟಿಯರು, ಮತದಾರರ ಪಟ್ಟಿ ಎಲ್ಲದರಲ್ಲೂ 'ಗೌಡ' ಅಂತ ಒತ್ತಿ ಒತ್ತಿ ಹುಡುಕಿದ್ದಾನೆ. ಸಿಕ್ಕಿದ್ದನ್ನೆಲ್ಲ ಜೋಡಿಸಿ ಒಂದು ದೊಡ್ಡ ಮರ ಬರೆದಿದ್ದಾನೆ. ಫ್ರೇಮ್ ಹಾಕಿಸಿ ಗೃಹಪ್ರವೇಶಕ್ಕೆ ತರ್ತಾನಂತೆ.

ನಮ್ಮತ್ತೆಗೆ ಎಂಬತ್ತೇಳು. ಕನ್ನಡಕ ಏರಿಸಿಕೊಂಡು ಫೋನ್ ಹತ್ರ ಹಿಡಿದು ನೋಡಿದ್ರು. "ಇದ್ರಾಗೆ ನಾನೆಲ್ಲಿವ್ನಿ ಮಗ?" ಅಂದ್ರು. "ಅಜ್ಜಿ, ಇದು ಸರ್‌ನೇಮ್ ಮರ. ತಾತನ ಹೆಸರು ಐತಲ್ಲ, ಅದರಲ್ಲೇ ನೀನೂ ಬಂದಂಗೆ" ಅಂದ. ಅತ್ತೆ ಏನೂ ಅನ್ನಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು, ಸಿಪ್ಪೆ ಬುಟ್ಟಿ ಎತ್ಕೊಂಡು ಹಿತ್ತಲಿಗೆ ಹೋದ್ರು. ಆರು ಮಕ್ಕಳನ್ನ ಹೆತ್ತು ಸಾಕಿದ ಹೆಂಗಸು.

ಹುಡುಗ ಒಳ್ಳೇವ್ನೇ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಈ ಸರ್‌ನೇಮ್ ಹಿಡ್ಕೊಂಡು ಹುಡುಕೋ ಚಾಳಿ ಐತಲ್ಲ, ಅದು ಸುಳ್ಳು ಅಂತ ನಾನು ಹೇಳೋದು. ಸುಳ್ಳಷ್ಟೇ ಅಲ್ಲ, ನಮ್ಮಂಥ ಹೆಂಗಸರಿಗೆ ಅನ್ಯಾಯ.

ಮೊದಲನೇದು, ಸರ್‌ನೇಮ್ ಅನ್ನೋದು ನಮ್ಮ ಕಡೆ ಎಲ್ಲಿತ್ತು? ನಮಗಿರೋದು ಇನಿಷಿಯಲ್. ಊರಿಂದೊಂದು ಅಕ್ಷರ, ಅಪ್ಪಂದೊಂದು ಅಕ್ಷರ. ನಮ್ಮ ತಾಲ್ಲೂಕಿನ ಹರದನಹಳ್ಳಿಯಿಂದ ಹೋಗಿ 1996ರಲ್ಲಿ ಪ್ರಧಾನಿಯಾದ ದೇವೇಗೌಡರನ್ನೇ ತಗೊಳ್ಳಿ. ಎಚ್ ಅಂದ್ರೆ ಹರದನಹಳ್ಳಿ, ಡಿ ಅಂದ್ರೆ ಅವರ ತಂದೆ ದೊಡ್ಡೇಗೌಡರು. ಮಗ ಎಚ್.ಡಿ. ಕುಮಾರಸ್ವಾಮಿ. ಅಲ್ಲಿ ಡಿ ಅಂದ್ರೆ ದೇವೇಗೌಡ. ಅಪ್ಪಂದೂ ಎಚ್.ಡಿ., ಮಗಂದೂ ಎಚ್.ಡಿ., ಆದ್ರೆ ಡಿ ಬೇರೆ ಬೇರೆ. ಇವರಿಬ್ಬರನ್ನ ಸರ್‌ನೇಮ್ ಹಾಕಿ ಹುಡುಕಿದ್ರೆ ಅಪ್ಪ ಒಂದು ಕಡೆ, ಮಗ ಒಂದು ಕಡೆ. ದೇಶಕ್ಕೇ ಗೊತ್ತಿರೋ ಅಪ್ಪ ಮಗನ ಗತಿನೇ ಹಿಂಗಾದ್ರೆ, ರಾಗಿ ಬೆಳ್ಕೊಂಡಿದ್ದ ನಮ್ಮ ತಾತಂದಿರ ಗತಿ ಏನು?

ಅನಕೃ ಅವರ ಹೆಸರಲ್ಲಿರೋ 'ಅ' ಯಾವುದು ಅಂದ್ಕೊಂಡಿದ್ದೀರಿ? ಅರಕಲಗೂಡು. ಅವರು ಹುಟ್ಟಿದ್ದು ಕೋಲಾರದಲ್ಲಿ, 1908ರಲ್ಲಿ. ಆದ್ರೂ ಹಿರೀಕರ ಊರು ಹೆಸರಿನ ಮುಂದೆನೇ ಬಂತು. ನಮ್ಮೋರಿಗೆ ಗುರುತು ಅಂದ್ರೆ ಊರು. ಹಿಂದೆ ಹೆಳವರು ಎತ್ತಿನ ಮೇಲೆ ಬಂದು, ಜಗಲಿ ಮುಂದೆ ನಿಂತು ವಂಶ ಒಪ್ಪಿಸಿ, ಕಾಳು ಕಡಿ ಇಸ್ಕೊಂಡು ಹೋಗ್ತಿದ್ರಲ್ಲ, ಅವರು ಕೇಳ್ತಿದ್ದದ್ದೂ ಯಾವೂರು, ಯಾರ ಮನೆ ಒಕ್ಕಲು ಅಂತ. ನಿಮ್ಮ ಸರ್‌ನೇಮ್ ಏನವ್ವ ಅಂತ ಯಾವ ಹೆಳವನೂ ಕೇಳಲಿಲ್ಲ.

'ಗೌಡ' ಅನ್ನೋದಂತೂ ಒಂದು ಕೆಲಸದ ಹೆಸರು. ಊರಿನ ಯಜಮಾನಿಕೆ ಮಾಡೋನು ಗೌಡ, ಲೆಕ್ಕ ಬರೆಯೋನು ಶ್ಯಾನುಭೋಗ. ವಂಶದಿಂದ ಬರ್ತಿದ್ದ ಈ ಹುದ್ದೆಗಳನ್ನ ಸರ್ಕಾರ 1961ರ ಕಾಯ್ದೆ ತಂದು ತೆಗೆದೇ ಹಾಕ್ತು. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆ ಶಾಸನಗಳನ್ನ ಕೂಡಿಹಾಕಿ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ ತಂದ್ರು. ಅದು ಈಗ ಕಂಪ್ಯೂಟರಿನಲ್ಲೇ ಓದೋಕೆ ಸಿಗುತ್ತೆ. ಅದರಲ್ಲಿ ಗೌಡ ಅಂತ ಹುಡುಕಿದ್ರೆ ಊರೂರಿನ ಯಜಮಾನರೆಲ್ಲ ಸಾಲಾಗಿ ಬರ್ತಾರೆ. ಅವರೆಲ್ಲ ನಮ್ಮ ತಾತಂದಿರೇ ಅನ್ನೋದು, ಇವತ್ತು ಆಸ್ಪತ್ರೆಲಿರೋ ಡಾಕ್ಟರುಗಳೆಲ್ಲ ಒಂದೇ ಮನೆಯೋರು ಅಂದಂಗೆ. ಅದರ ಮೇಲೆ ಇಂಗ್ಲಿಷಿನ ಕಾಟ ಬೇರೆ. ಒಬ್ಬರು ಗೌಡಕ್ಕೆ 'ಒ-ಡಬ್ಲ್ಯು' ಹಾಕಿದ್ರೆ ಇನ್ನೊಬ್ಬರು 'ಎ-ಯು' ಹಾಕ್ತಾರೆ. ನಮ್ಮ ಹೊಳೆನರಸೀಪುರ ಹಳೇ ಪುಸ್ತಕದಲ್ಲಿ ಬರೀ 'ನರ್ಸಿಪುರ್'. ಆಗ ಟಿ. ನರಸೀಪುರದೋರೂ ನಮ್ಮ ಮನೆ ಪಂಕ್ತಿಗೆ ಬಂದು ಕೂತ್ಕೊತಾರೆ.

ಇದಿಷ್ಟೇ ಆಗಿದ್ರೆ ನಕ್ಕು ಸುಮ್ನಾಗ್ತಿದ್ದೆ. ಎರಡನೇದು ನಗೋ ವಿಷಯ ಅಲ್ಲ.

ಸರ್‌ನೇಮ್ ಹುಡುಕಿದ್ರೆ ಸಿಗೋರು ಗಂಡಸರು. ನಾವು ಸಿಗಲ್ಲ. ಸ್ಕೂಲಿನ ಟಿಸಿಯಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಅಕ್ಷರ. ಮದುವೆ ಆದ್ಮೇಲೆ ರೇಷನ್ ಕಾರ್ಡಿನಲ್ಲಿ 'ಕೋಂ' ಹಾಕಿ ಗಂಡನ ಹೆಸರು. ಆಧಾರ್ ಬಂದಾಗ ಗಂಡನ ಹೆಸರು ನನ್ನ ಹೆಸರಿನ ಬಾಲಕ್ಕೇ ಅಂಟಿಕೊಳ್ತು. ಒಬ್ಬಳೇ ಹೆಂಗಸು, ಮೂರು ಕಾಗದದಲ್ಲಿ ಮೂರು ಜನ. ನಾಳೆ ನನ್ನ ಮೊಮ್ಮಗಳು ಯಾವುದನ್ನ ಹುಡುಕಬೇಕು?

ದೇಶದ ಮೊದಲನೇ ಚುನಾವಣೆ, 1951-52ರಲ್ಲಿ ನಡೆದದ್ದು, ಅದಕ್ಕೆ ಮತದಾರರ ಪಟ್ಟಿ ಬರೆಯೋಕೆ ಹೋದಾಗ ಉತ್ತರದ ಕಡೆ ಎಷ್ಟೋ ಹೆಂಗಸರು ತಮ್ಮ ಹೆಸರೇ ಹೇಳಲಿಲ್ಲವಂತೆ. ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಬರೆಸಿದ್ರು. ಆಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅದನ್ನ ಒಪ್ಪಲಿಲ್ಲ. ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನ ಪಟ್ಟಿಯಿಂದ ತೆಗೆದ್ರು. ಹೆಸರಿಲ್ಲ ಅಂದ್ರೆ ಓಟಿಲ್ಲ. ಮುಂದಿನ ಚುನಾವಣೆ ಹೊತ್ತಿಗೆ ಬಹಳ ಜನ ಹೆಸರು ಹೇಳಿ ಸೇರಿಕೊಂಡ್ರು ಅನ್ನಿ. ಸರ್ಕಾರ ಅವತ್ತೇ ಬೇಡ ಅಂದ ಆ 'ಇಂಥವನ ಹೆಂಡತಿ'ಯನ್ನ ನಮ್ಮ ಹುಡುಗರು ಇವತ್ತು ಫ್ರೇಮ್ ಹಾಕಿಸಿ ಗೋಡೆಗೆ ಹೊಡೀತಾವ್ರೆ. ಅಲ್ಲ, 'ಹೆಂಡತಿ' ಅಂತಲಾದ್ರೂ ಎಲ್ಲಿ ಬರೆದ?

"ಹೋಗ್ಲಿ ಬಿಡಮ್ಮ, ಗೋಡೆ ಮೇಲಿನ ಚಿತ್ರದಿಂದ ಏನಾಗುತ್ತೆ" ಅಂತೀರ. ಏನಾಗುತ್ತೆ ಅಂತ ನನ್ನನ್ನ ಕೇಳಿ.

ನಮ್ಮಪ್ಪ ತೀರಿಕೊಂಡಾಗ ನಾವು ಐದು ಜನ ಮಕ್ಕಳು. ಮೂರು ಹೆಣ್ಣು, ಎರಡು ಗಂಡು. ಪೌತಿ ಖಾತೆಗೆ ವಂಶವೃಕ್ಷ ಬೇಕು ಅಂತ ಅರ್ಜಿ ಹಾಕಿದ್ರು. ಬಂದ ಕಾಗದದಲ್ಲಿ ಇದ್ದದ್ದು ಎರಡೇ ಹೆಸರು. ಐದು ಹೆತ್ತ ನಮ್ಮವ್ವ ಸರ್ಕಾರದ ಕಾಗದದಲ್ಲಿ ಎರಡೇ ಹೆತ್ತಿದ್ದಳು. ಕೇಳಿದ್ದಕ್ಕೆ, "ನಿಮ್ಮ ಹೆಸರೆಲ್ಲ ಈಗ ಗಂಡನ ಮನೇದು, ಈ ವಂಶಕ್ಕೆ ಹೆಂಗೆ ಸೇರಿಸೋದು?" ಅಂದ್ರು. ನೋಡಿದ್ರಾ? ಮೈದುನನ ಮಗ ಹೇಳಿದ್ದೂ ಅದೇ ಮಾತು, ಬರೀ ಧ್ವನಿ ಮೆತ್ತಗಿತ್ತು.

ಕಾನೂನು ಹಂಗೆ ಹೇಳಲ್ಲ ಕಣ್ರೇ. ನಮ್ಮ ರಾಜ್ಯದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಹಕ್ಕು ಬಂತು. 2005ರ ತಿದ್ದುಪಡಿ ದೇಶಕ್ಕೆಲ್ಲ ಆಯ್ತು, ಮದುವೆ ಆಗಿದ್ರೂ ಮಗಳು ಮಗಳೇ ಅಂತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಆ ಹಕ್ಕು ಹುಟ್ಟಿನಿಂದಲೇ ಬರೋದು, 2005ರಲ್ಲಿ ಅಪ್ಪ ಬದುಕಿರಬೇಕು ಅಂತಿಲ್ಲ ಅಂತ ಹೇಳ್ತು. ಭಾಗ ತಗೊಳ್ಳೋದು, ಅಣ್ಣ ತಮ್ಮಂದಿರಿಗೇ ಬಿಡೋದು ನಮ್ಮಿಷ್ಟ. ನಾವು ಮೂರೂ ಜನ ಕೊನೆಗೆ ಹೆಸರು ಸೇರಿಸಿಕೊಂಡೆವು, ಆಮೇಲೆ ನಮ್ಮ ಖುಷಿಯಿಂದ ಬಿಟ್ಟೂ ಕೊಟ್ಟೆವು. ಆದ್ರೆ ಇಲ್ಲದ ಹೆಸರಿನಿಂದ ಯಾರೂ ಏನನ್ನೂ ಬಿಟ್ಟುಕೊಡೋಕಾಗಲ್ಲ.

"ಹಿಂದಿನ ಕಾಲದಲ್ಲಿ ಹೆಂಗಸರ ಹೆಸರು ಎಲ್ಲಿ ಬರೀತಿದ್ರು ದೊಡ್ಡಮ್ಮ, ದಾಖಲೆನೇ ಇಲ್ಲ" ಅಂದ ಹುಡುಗ. ಇದಕ್ಕೂ ಉತ್ತರ ಐತೆ, ನಮ್ಮ ಜಿಲ್ಲೆಲೇ ಐತೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ನಾವೆಲ್ಲ ಎಷ್ಟು ಸಲ ಹೋಗಿಲ್ಲ! ಅಲ್ಲಿ ಚಂದ್ರಗಿರಿ ಮೇಲೆ ಶಾಂತಲಾದೇವಿ 1123ರಲ್ಲಿ ಬಸದಿ ಕಟ್ಟಿಸಿದಳು. ಅಲ್ಲಿನ ಶಾಸನ ಆಕೆಯನ್ನ ವಿಷ್ಣುವರ್ಧನನ ರಾಣಿ ಅಂತ ಹೇಳಿ ನಿಲ್ಲಿಸಲಿಲ್ಲ. ಅಪ್ಪ ಮಾರಸಿಂಗಯ್ಯ, ಅವ್ವ ಮಾಚಿಕಬ್ಬೆ ಅಂತ ಇಬ್ಬರ ಹೆಸರೂ ಐತೆ. ಅದೇ ಬೆಟ್ಟದ ಮೇಲೆ ದಂಡನಾಯಕ ಗಂಗರಾಜ ಕತ್ತಲೆ ಬಸದಿ ಕಟ್ಟಿಸಿದ್ದು ಅವರವ್ವ ಪೋಚವ್ವೆಗೋಸ್ಕರ. ದೊಡ್ಡೋರ ಮನೆ ಹೆಂಗಸರು, ಅದಕ್ಕೆ ಕಲ್ಲು ಸಿಕ್ತು, ಒಪ್ಕೊತೀನಿ. ಕಳೆ ಕೀಳೋಳ ಹೆಸರು ಯಾರೂ ಕೆತ್ತಲಿಲ್ಲ. ಆದ್ರೆ ಉಳಿ ಹಿಡಿದು ಒಂದೊಂದೇ ಅಕ್ಷರ ಕೆತ್ತಬೇಕಾದ ಕಾಲದಲ್ಲಿ ಅವ್ವನ ಹೆಸರಿಗೆ ಜಾಗ ಆಯ್ತು. ಬೆರಳಲ್ಲಿ ಒತ್ತಿದ್ರೆ ಮೂಡೋ ಕಾಲದಲ್ಲಿ ಜಾಗ ಇಲ್ವಂತೆ!

ಅದಕ್ಕೇ ಅಕ್ಕ ತಂಗೀರೆ, ಅತ್ತಿಗೆಮ್ಮ, ಪಕ್ಕದ ಮನೆಯೋರೆ, ಹುಡುಕೋದು ಬೇಡ ಅಂತಿಲ್ಲ ನಾನು. ಅವ್ವನಿಂದ ಶುರು ಮಾಡಿ ಅಂತೀನಿ. ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಒಂದು ನೋಟ್‌ಬುಕ್ ತಗೊಳ್ಳಿ. ನಿಮ್ಮ ಹೆಸರು, ನಿಮ್ಮವ್ವನ ಹೆಸರು, ಅವ್ವನ ಅವ್ವನ ಹೆಸರು ಬರೀರಿ. ಪ್ರತಿಯೊಬ್ಬರ ಮುಂದೆ ತವರೂರು, ಹೋಬಳಿ, ಮನೇಲಿ ಕರೀತಿದ್ದ ಹೆಸರು. ದಾಖಲೆಯಲ್ಲಿ ಲಕ್ಷ್ಮಮ್ಮ ಆಗಿದ್ದೋಳು ಊರಿಗೆಲ್ಲ ಸಣ್ಣಮ್ಮ ಆಗಿರ್ತಾಳೆ, ಎರಡೂ ಬರೀರಿ. ಆಮೇಲೆ ಕಂಪ್ಯೂಟರಿಗೆ ಹೋಗಿ, ಆದ್ರೆ ಊರಿನ ಹೆಸರು ಹಿಡ್ಕೊಂಡು ಹೋಗಿ. ಪಹಣಿ ತೆಗೆಯೋಕೆ ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರು ಸಾಕು, ಸರ್‌ನೇಮ್ ಯಾರೂ ಕೇಳಲ್ಲ. ಮತದಾರರ ಪಟ್ಟಿನೂ ಊರಿಗೊಂದು, ಬೀದಿಗೊಂದು ಇರುತ್ತೆ. ಕೂತು ಓದಿದ್ರೆ ಪಕ್ಕದ ಮನೆಯೋಳ ಹೆಸರಿನ ಕೆಳಗೇ ನಿಮ್ಮಜ್ಜಿ ಸಿಕ್ಕಾಳು.

ಮೊದಲು ಮಾತ್ರ ಮನೇಲಿರೋ ಮುದುಕೀರನ್ನ ಕೇಳಿ. ಅವರು ಹೋದ್ರೆ ಯಾವ ಕಂಪ್ಯೂಟರಿನಲ್ಲೂ ಅವು ಇಲ್ಲ.

ನಾನು ಅವತ್ತು ರಾತ್ರಿನೇ ಅತ್ತೆ ಪಕ್ಕ ಕೂತೆ. "ನಿಮ್ಮವ್ವನ ಅವ್ವನ ಹೆಸರೇನತ್ತೆ?" ಅಂದೆ. ಸುಮಾರು ಹೊತ್ತು ಸೂರು ನೋಡ್ತಾ ಕೂತಿದ್ರು. ಆಮೇಲೆ ಹೇಳಿದ್ರು. "ನನ್ನ ಮದ್ವೆ ಆದಾಗಿಂದ ಆ ಹೆಸರು ಬಾಯಲ್ಲಿ ಬಂದೇ ಇರ್ಲಿಲ್ಲ ಕಣೆ" ಅಂದ್ರು. ಬರ್ಕೊಂಡೆ. ಹುಡುಗನಿಗೂ ಕಳಿಸಿದೀನಿ, ಫ್ರೇಮ್ ಹಾಕಿಸೋದು ಆಮೇಲೆ, ಮೊದಲು ಮರ ತಿದ್ದು ಅಂತ.