ತೂಕ ಇಳಿಸುವ ಚುಚ್ಚುಮದ್ದು ಮತ್ತು ಹಲ್ಲಿನ ಜೋಪಾನ

2025ರ ಮಾರ್ಚ್ ತಿಂಗಳಲ್ಲಿ ಮೌಂಜಾರೊ, ಅದೇ ವರ್ಷದ ಜೂನ್‌ನಲ್ಲಿ ವೆಗೋವಿ ಎಂಬ ಚುಚ್ಚುಮದ್ದುಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಅಂದಿನಿಂದ ನಮ್ಮ ಶಿವಬಸವ ನಗರದಂತಹ ಬಡಾವಣೆಗಳಲ್ಲಿಯೂ ಮದುವೆ, ಕುಬಸದ ಮನೆಗಳಲ್ಲಿ ಇವುಗಳ ಮಾತು ಕೇಳಿಬರುತ್ತಿದೆ. ವಾರಕ್ಕೊಮ್ಮೆ ಹೊಟ್ಟೆಯ ಅಥವಾ ತೊಡೆಯ ಚರ್ಮದ ಕೆಳಗೆ ಚುಚ್ಚಿಕೊಳ್ಳುವ ಈ ಔಷಧಗಳು ಹಸಿವನ್ನು ತಗ್ಗಿಸುತ್ತವೆ, ಉಂಡ ಅನ್ನ ಜಠರದಿಂದ ಕೆಳಗಿಳಿಯುವುದನ್ನು ನಿಧಾನಗೊಳಿಸುತ್ತವೆ. ವೈದ್ಯರ ಸಲಹೆಯ ಮೇರೆಗೆ ಇವನ್ನು ತೆಗೆದುಕೊಳ್ಳುವವರನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಬೊಜ್ಜು, ಸಕ್ಕರೆ ಕಾಯಿಲೆಗಳಿಂದ ಬಳಲುವವರಿಗೆ ಇವುಗಳಿಂದ ನಿಜವಾದ ಉಪಕಾರವಿದೆ. ಆದರೆ ತೂಕದ ಯಂತ್ರದ ಮೇಲೆ ನೆಟ್ಟ ನಮ್ಮ ಕಣ್ಣು ಬಾಯಿಯ ಕಡೆಗೆ ಹೊರಳುವುದಿಲ್ಲ ಎಂಬುದೇ ನಮ್ಮ ಚಿಂತೆ.

ಔಷಧವು ತಾನೇ ಹಲ್ಲನ್ನು ತಿನ್ನುವುದಿಲ್ಲ; ಅಪಾಯ ಬರುವುದು ವಾಂತಿಯ ದಾರಿಯಿಂದ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಔಷಧದ ಮೇಲೆ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಔಷಧ ಪಡೆದ ಸುಮಾರು ನಾಲ್ವರಲ್ಲಿ ಒಬ್ಬರಿಗೆ ವಾಂತಿಯ ತೊಂದರೆ ಕಾಣಿಸಿಕೊಂಡಿತ್ತು. ಪ್ರಮಾಣವನ್ನು ಹಂತ ಹಂತವಾಗಿ ಏರಿಸುವ ಮೊದಲ ತಿಂಗಳುಗಳಲ್ಲಿ ಇದು ಹೆಚ್ಚು. ಬಾಯಿಯಲ್ಲಿ ಆಮ್ಲದ ಮಟ್ಟ ಸುಮಾರು 5.5 ಪಿ.ಎಚ್.ಗಿಂತ ಕೆಳಗಿಳಿದರೆ ಹಲ್ಲಿನ ಹೊರಕವಚ ಕರಗತೊಡಗುತ್ತದೆ. ಜಠರದ ರಸವಾದರೋ ಅದಕ್ಕಿಂತ ಎಷ್ಟೋ ಪಟ್ಟು ತೀಕ್ಷ್ಣವಾದುದು. ಒಮ್ಮೆ ಕರಗಿಹೋದ ಕವಚ ಉಗುರಿನಂತೆ ಮತ್ತೆ ಬೆಳೆಯುವುದಿಲ್ಲ. ಸವೆತವು ಹೆಚ್ಚಾಗಿ ಮೇಲ್ಸಾಲಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಆಗುವುದರಿಂದ ಕನ್ನಡಿಯಲ್ಲಿ ನೋಡಿಕೊಂಡರೂ ತಿಳಿಯದು. ತಣ್ಣೀರು ಜುಮ್ಮೆನ್ನುವಾಗಲೇ ಅರಿವಿಗೆ ಬರುತ್ತದೆ.

ಇಲ್ಲಿ ನಮ್ಮ ಮನೆತನಗಳ ಒಂದು ಒಳ್ಳೆಯ ರೂಢಿಯೇ ಕೆಡುಕು ಮಾಡಬಲ್ಲದು. ಬೆಳಗಿನ ಹೊತ್ತು ವಾಂತಿಯಾಯಿತೆನ್ನಿ. ಬಾಯಿ ಶುಚಿಯಿಲ್ಲದೆ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು ಹೇಗೆಂದು ತಾಯಂದಿರು ಆ ಕ್ಷಣವೇ ಬ್ರಷ್ ಹಿಡಿದು ತಿಕ್ಕುತ್ತಾರೆ. ಆಮ್ಲದಿಂದ ಮೆತ್ತಗಾದ ಕವಚವನ್ನು ಆ ತಿಕ್ಕಾಟ ಕೆರೆದು ತೆಗೆಯುತ್ತದೆ. ಉಪ್ಪು, ಇದ್ದಲಿ ಪುಡಿಯಿಂದ ಉಜ್ಜುವವರಿಗೆ ಹಾನಿ ಇನ್ನೂ ಹೆಚ್ಚು. ನಮ್ಮ ಗಡಿಭಾಗದ ಕೆಲವು ಮನೆಗಳಲ್ಲಿ ಹಿರಿಯರು ಇಂದಿಗೂ ಬಿಡದ ಮಿಶ್ರಿಯಂತೂ ತಂಬಾಕೇ ಆಗಿದೆ. ಅದರ ಮಾತೇ ಬೇಡ. ವಾಂತಿಯಾದ ಕೂಡಲೇ ಒಂದು ಲೋಟ ನೀರಿಗೆ ಒಂದು ಚಹಾ ಚಮಚ ಅಡುಗೆ ಸೋಡಾ ಕದಡಿ ಚೆನ್ನಾಗಿ ಮುಕ್ಕಳಿಸಿ ಉಗುಳಬೇಕು. ಸೋಡಾ ಇಲ್ಲದಿದ್ದರೆ ಬರಿಯ ನೀರಾದರೂ ಆದೀತು. ಪೂಜೆಗೆ ಬೇಕಾದ ಬಾಯಿಶುದ್ಧಿ ಇಷ್ಟರಿಂದಲೇ ಆಗುತ್ತದೆಂದು ನಾವು ಭಾವಿಸುತ್ತೇವೆ. ಹಲ್ಲುಜ್ಜುವುದು ಒಂದು ಗಂಟೆ ತಡವಾಗಲಿ. ಆಗಲೂ ಮೃದುವಾದ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್ ಇರಲಿ.

ಓಕರಿಕೆ ಬಂದಾಗ ನಾಲಿಗೆ ಹುಳಿಯನ್ನು ಬೇಡುವುದು ಸಹಜ. ನಿಂಬೆಯ ಹೋಳು, ಹುಣಸೆಯ ಚಿಗಳಿ, ಖಾನಾಪುರ ಕಡೆಯ ಕೋಕಂ ಶರಬತ್ತು ಇವೆಲ್ಲ ನಮಗೆ ಪ್ರಿಯವೇ. ಆದರೆ ಹುಳಿಯನ್ನು ದಿನವಿಡೀ ಚೀಪುತ್ತಿದ್ದರೆ ಆಮ್ಲದ ಮೇಲೆ ಆಮ್ಲ ಸುರಿದಂತಾಗುತ್ತದೆ. ಸಕ್ಕರೆ ಹಾಕದ ಶುಂಠಿ ನೀರನ್ನು ಗುಟುಕರಿಸುವುದು, ನಾಲ್ಕು ಕಾಳು ಬಡೇಸೋಪು ಅಗಿಯುವುದು ಲೇಸು. ಅಗಿದಾಗ ಜೊಲ್ಲು ಊರುತ್ತದೆ.

ಆ ಜೊಲ್ಲಿನ ಬೆಲೆ ನಮಗೆ ತಿಳಿದಿಲ್ಲ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಊರುವ ಜೊಲ್ಲು ಆಮ್ಲವನ್ನು ತೊಳೆಯುತ್ತದೆ, ಹಲ್ಲಿಗೆ ಸುಣ್ಣದ ಅಂಶವನ್ನು ಮರಳಿ ಕೊಡುತ್ತದೆ. ಊಟ ತಗ್ಗಿ, ನೀರು ಕುಡಿಯುವುದೂ ತಗ್ಗಿ, ಮೇಲೆ ವಾಂತಿಯೂ ಆದರೆ ಬಾಯಿ ಒಣಗುತ್ತದೆ. ಹುಳುಕು, ದುರ್ಗಂಧ ಬೆನ್ನಟ್ಟಿ ಬರುತ್ತವೆ. ಬಾಯಾರಿಕೆಯಾಗಲಿ ಎಂದು ಕಾಯದೆ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸಗಳನ್ನು ಮಾಡುವವರು ವೈದ್ಯರನ್ನು ಕೇಳದೆ ಮಾಡಬಾರದು, ನೀರನ್ನಂತೂ ಬಿಡಲೇಕೂಡದು. ಹೊಟ್ಟೆ ತುಂಬ ಉಣ್ಣಲಾಗದೆಂದು ಗಂಟೆಗೊಮ್ಮೆ ಕುಂದಾ, ಬಿಸ್ಕತ್ತು ಬಾಯಿಗೆ ಹಾಕಿಕೊಳ್ಳುವುದೂ ತರವಲ್ಲ. ಉಣ್ಣುವ ನಾಲ್ಕು ತುತ್ತಿನಲ್ಲಿ ಮೊಸರು, ಮೊಳಕೆಕಾಳು, ಬೇಳೆ ಇದ್ದರೆ ವಸಡಿಗೂ ಬಲ.

ತೂಕ ಇಳಿಸುವ ಔಷಧಗಳಿಂದ ಬಾಯಿ ಒಣಗುವುದು ಹೊಸ ಸಂಗತಿಯೂ ಅಲ್ಲ. ಹಿಂದೆ ಬಳಕೆಯಲ್ಲಿದ್ದ ಸಿಬುಟ್ರಮಿನ್ ಗುಳಿಗೆಗೂ ಈ ದೋಷವಿತ್ತು. ಹೃದಯಕ್ಕೆ ಅಪಾಯಕಾರಿಯೆಂಬ ಕಾರಣದಿಂದ ನಮ್ಮ ಸರ್ಕಾರ ಅದನ್ನು 2011ರಲ್ಲಿ ನಿಷೇಧಿಸಿತು.

ಎಲ್ಲಕ್ಕಿಂತ ಹೆಚ್ಚು ನಮ್ಮನ್ನು ಕಾಡುವುದು ಗುಟ್ಟು. ಅತ್ತೆಗೆ ತಿಳಿಯದಂತೆ ಸೊಸೆ, ಬೀಗರ ಮನೆಗೆ ತಿಳಿಯದಂತೆ ಮದುವೆಯ ಹುಡುಗಿ ಈ ಚುಚ್ಚುಮದ್ದನ್ನು ತೆಗೆದುಕೊಳ್ಳಬಹುದು. ಅದು ಅವರವರ ವಿಚಾರ. ಆದರೆ ಹಲ್ಲಿನ ವೈದ್ಯರಿಂದಲೂ ಮುಚ್ಚಿಟ್ಟರೆ ಅವರು ಸವೆತದ ಕಾರಣವನ್ನು ಬೇರೆಲ್ಲೋ ಹುಡುಕಬೇಕಾಗುತ್ತದೆ. ನಮ್ಮ ನೆರೆಯ ನೆಹರು ನಗರದಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ದಂತ ವೈದ್ಯಕೀಯ ಕಾಲೇಜು ಇದೆ. ಔಷಧ ಆರಂಭಿಸುವ ಮುನ್ನವೇ ಒಮ್ಮೆ ಹಲ್ಲು ತೋರಿಸಿ, ಹುಳುಕಿದ್ದರೆ ತುಂಬಿಸಿಕೊಳ್ಳುವುದು ಜಾಣತನ. ಸಕ್ಕರೆ ಕಾಯಿಲೆಯುಳ್ಳವರಿಗೆ ವಸಡಿನ ರೋಗ ಬೇಗ ತಗಲುವುದರಿಂದ ಅವರಿಗೆ ಇದು ಇನ್ನೂ ಅಗತ್ಯ.

ವಾಂತಿ ನಿಲ್ಲದಿದ್ದರೆ ಔಷಧ ಬರೆದುಕೊಟ್ಟ ವೈದ್ಯರಿಗೇ ತಿಳಿಸಬೇಕು. ಅವರು ಪ್ರಮಾಣ ಏರಿಸುವುದನ್ನು ತಡೆಹಿಡಿದಾರು. ಹಲ್ಲು ಕೀಳಿಸಲು ವಸಡಿಗಷ್ಟೇ ಮರವಳಿಕೆ ಸೂಜಿ ಕೊಟ್ಟರೆ ಚಿಂತೆಯಿಲ್ಲ. ಮತ್ತು ಬರಿಸಿ ಅಥವಾ ಪೂರ್ಣ ಪ್ರಜ್ಞೆ ತಪ್ಪಿಸಿ ಮಾಡುವ ಚಿಕಿತ್ಸೆಯಾದರೆ, ಜಠರದಲ್ಲಿ ಉಳಿದ ಅನ್ನ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯವಿರುತ್ತದೆ. ಆದ್ದರಿಂದ ಔಷಧದ ಹೆಸರು, ಪ್ರಮಾಣ, ಕೊನೆಯ ಚುಚ್ಚುಮದ್ದು ತೆಗೆದುಕೊಂಡ ದಿನ, ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ಮುಂಚಿತವಾಗಿಯೇ ವೈದ್ಯರ ಕೈಗೆ ಕೊಡಬೇಕು.