ಹಿಂದೆ ನಿಂತು ನೋಡುವವರ ಪರವಾಗಿ

ಮಲೆನಾಡಿನ ಇಸ್ಪೀಟಾಟಗಾರನ ಶತ್ರುಗಳಲ್ಲಿ ಪೊಲೀಸಿನವರು ಎರಡನೆಯವರು. ಮೊದಲನೆಯವನು ಬೆನ್ನ ಹಿಂದೆ ನಿಂತು ಎಲೆ ನೋಡುವವನು. ಕಳಸದ ಕಡೆಯ ಮದುವೆಮನೆಯಾಗಲಿ, ಮೂಡಿಗೆರೆಯ ಸುತ್ತಿನ ತೋಟದ ಬಂಗಲೆಯಾಗಲಿ, ಜಮಖಾನ ಹಾಸಿ ಎಲೆ ಕಲೆಸಿದ ಗಳಿಗೆಯಿಂದ ಒಂದೇ ದೂರು: “ಏ ಮಾರಾಯ, ಹಿಂದೆ ನಿಲ್ಲಬೇಡ. ನೀನು ಬಂದ ಮೇಲೆ ನನಗೊಂದು ಒಳ್ಳೆಯ ಎಲೆ ಬಿದ್ದಿಲ್ಲ.” ಮೂವತ್ತು ಮಳೆಗಾಲ ಆಡಿದವನೂ ನಾನೇ, ನಿಂತು ನೋಡಿದವನೂ ನಾನೇ. ಆದುದರಿಂದ ನೋಡುವವನ ಪರವಾಗಿ ಎರಡು ಮಾತು ಹೇಳುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಕಾಲ್ಗುಣದ ಮಾತು ಹಾಗಿರಲಿ. ಹಿಂದೆ ನಿಂತವರಾರೆಂಬುದು ಐವತ್ತೆರಡು ಎಲೆಗಳಿಗೆ ತಿಳಿಯದು. ಇನ್ನೊಂದು ಆಕ್ಷೇಪಣೆಯಲ್ಲಿ ಮಾತ್ರ ಹುರುಳಿದೆ. ಪೋಕರಿನಲ್ಲಿ, ನಮ್ಮ ಮೂರೆಲೆಯಲ್ಲಿಯೂ, ಅರ್ಧ ಆಟ ಮುಖದಲ್ಲಿಯೇ ನಡೆಯುತ್ತದೆ. ಕೈಯಲ್ಲೇನೂ ಇಲ್ಲದವನು ಮೂರು ಎಕ್ಕ ಬಂದವನಂತೆ ಪಣ ಏರಿಸುತ್ತಾನೆ. ಹಿಂದೆ ನಿಂತ ಭಾವಮೈದುನ ಹುಬ್ಬೇರಿಸಿ ಎಲ್ಲವನ್ನೂ ಬಯಲು ಮಾಡುತ್ತಾನೆ. ಇದು ಅನ್ಯಾಯವೇ ಸರಿ. ಆದರೆ ಮದ್ದು ಸುಲಭ: ಒಬ್ಬನ ಹಿಂದೆ ಕುಳಿತವನು ಆಟ ಮುಗಿಯುವವರೆಗೆ ಏಳಬಾರದು, ಬಾಯಿ ಬಿಡಬಾರದು. ಇಂಗ್ಲೆಂಡಿನ ಟೆಲಿವಿಷನ್ನಿನವರು 1999ರಲ್ಲಿ ಮೇಜಿಗೆ ಗಾಜು ಕೂರಿಸಿ, ಅದರಡಿಯಿಂದ ಆಟಗಾರರ ಗುಪ್ತ ಎಲೆಗಳನ್ನು ನಾಡಿಗೆಲ್ಲ ತೋರಿಸಿದರು. ಪೋಕರಿಗೆ ಕೇಡಾಗಲಿಲ್ಲ, ಆಡುವವರು ಹೆಚ್ಚಿದರು.

ನೋಡಿದರೆ ಕೈ ಕೆಡುತ್ತದೆ ಎನ್ನುವವರಿಗೆ ಇನ್ನೊಂದು ಉತ್ತರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1965ರಲ್ಲಿ ಹೇಳಿದ್ದುಂಟು: ನೋಡುವವರಿದ್ದಾಗ ಚೆನ್ನಾಗಿ ಕಲಿತ ಕೆಲಸ ಇನ್ನಷ್ಟು ಚೆನ್ನಾಗುತ್ತದೆ, ಅರೆಬರೆ ಕಲಿತದ್ದು ಇನ್ನಷ್ಟು ಕೆಡುತ್ತದೆ. 1982ರಲ್ಲಿ ಅಲ್ಲಿಯೇ ಬಿಲಿಯರ್ಡ್ಸಿನ ಬಗೆಯ ಪೂಲ್ ಆಡುವವರ ಸುತ್ತ ನಿಂತು ನೋಡಿದರು. ಬಲ್ಲವರ ಗುರಿ ನೂರಕ್ಕೆ 71ರಿಂದ 80ಕ್ಕೆ ಏರಿತು; ಬಾರದವರದು 36ರಿಂದ 25ಕ್ಕೆ ಇಳಿಯಿತು. ಚೆಂಡಿನಾಟ ಬೇರೆ, ಇಸ್ಪೀಟು ಬೇರೆ ಎಂದು ವಾದಿಸಬಹುದು. ಆದರೂ ನೋಡಬೇಡವೆಂದು ರೇಗುವ ಮಹನೀಯರು ತಮ್ಮ ಆಟದ ಬಗ್ಗೆ ತಾವೇ ಏನು ಸಾರುತ್ತಿದ್ದಾರೆಂದು ಒಮ್ಮೆ ಯೋಚಿಸಲಿ.

ನಿಜವಾದ ಸಂಕಟ ಎಲೆಯದಲ್ಲ, ಹಣದ್ದು. ಕಾಫಿ ತಂದಿಟ್ಟು ಬಾಗಿಲಲ್ಲಿ ನಿಂತ ಆಳು, ತನ್ನ ವಾರದ ಕೂಲಿಯಷ್ಟು ಹಣ ಒಂದೇ ಆಟಕ್ಕೆ ಹೋದುದನ್ನು ಕಾಣುತ್ತಾನೆ. ಅವನು ತುಟಿ ಬಿಚ್ಚುವುದಿಲ್ಲ. ಸಾಹುಕಾರರಿಗೆ ಮಾತ್ರ ಮೈ ಉರಿಯುತ್ತದೆ. ಹಿರಿಯರು, ಹೆಂಗಸರು ಓಡಾಡುವ ಜಗಲಿಯಲ್ಲಿ ಪಣ ಚಿಲ್ಲರೆಯಲ್ಲಿಯೇ ಉಳಿಯುವುದನ್ನು ನಾನು ಕಂಡಿದ್ದೇನೆ. ಅದೇ ಜನ ಒಳಕೋಣೆಯ ಅಗಳಿ ಹಾಕಿದ ರಾತ್ರಿ ಮೆಣಸು ಮಾರಿದ ಹಣ ಹೋಗುತ್ತದೆ, ಆಮೇಲೆ ಇನ್ನೂ ಗಿಡದ ಮೇಲಿರುವ ಕಾಫಿ ಹೋಗುತ್ತದೆ.

ಸೋಜಿಗವೆಂದರೆ, ಭಾವಮೈದುನನ ಎರಡು ಕಣ್ಣನ್ನು ಸಹಿಸದವರು ಪಟ್ಟಣದ ಕ್ಲಬ್ಬಿನಲ್ಲಿ ಕ್ಯಾಮೆರಾದ ಕೆಳಗೆ ಸಾಧುಗಳಂತೆ ಕೂರುತ್ತಾರೆ. ರಮ್ಮಿ ಬಹುಮಟ್ಟಿಗೆ ಕುಶಲತೆಯ ಆಟವೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿಯೇ ಹೇಳಿತ್ತು. ಇತ್ತೀಚಿನ ವರ್ಷಗಳಲ್ಲಿ ನಮ್ಮ ಉಚ್ಚ ನ್ಯಾಯಾಲಯ ಇಂಥ ಕ್ಲಬ್ಬುಗಳಿಗೆ ರಕ್ಷಣೆ ಕೊಡುವಾಗ, ಆಡುವ ಜಾಗದಲ್ಲೆಲ್ಲ ಕ್ಯಾಮೆರಾ ಇಡಬೇಕು, ಹಿಂದಿನ 15 ದಿನಗಳ ಚಿತ್ರ ಪೊಲೀಸರಿಗೆ ಸಿಗಬೇಕು ಎಂಬ ಷರತ್ತು ಹಾಕಿದ್ದುಂಟು. ಒಳ್ಳೆಯದೇ. ಆದರೆ ಆ ಕ್ಯಾಮೆರಾ “ಸಾಕು ಏಳಿ ಭಾವ, ಊಟ ಆರುತ್ತಿದೆ” ಎನ್ನುವುದಿಲ್ಲ.

ಕಂಬಳಿಯ ಮುಸುಕಿನೊಳಗೆ ಫೋನು ಹಿಡಿದು ಆಡಿ ಸಾಲಗಾರರಾದವರ ಹಿಂದೆಯೂ ಯಾರೂ ನಿಂತಿರಲಿಲ್ಲ. ಹಣ ಕಟ್ಟಿ ಆಡುವ ಆ ಆಟಗಳನ್ನು ನಿಷೇಧಿಸಲು 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯಿದೆ ಮಾಡಬೇಕಾಯಿತು.

ನಮ್ಮ ಜಗಲಿಯಲ್ಲಿ ಆಟವಿದ್ದ ದಿನ ನೋಡುವವರಿಗೆಂದು ಎರಡು ಮಣೆ ಹಾಕಿಸುತ್ತೇನೆ. ಬಾಗಿಲು ತೆಗೆದೇ ಇರುತ್ತದೆ. ಕಳೆದ ಆಷಾಢದಲ್ಲಿ ಇಬ್ಬರು ಹಳೆಯ ಜೊತೆಗಾರರು ಇದಕ್ಕೊಪ್ಪದೆ ಸುರಿಯುವ ಮಳೆಯಲ್ಲಿಯೇ ಎದ್ದು ಹೋದರು. ಅವರೀಗ ಎಲ್ಲಿ ಆಡುತ್ತಾರೆಂಬುದು ನನಗೆ ಗೊತ್ತು. ಅಲ್ಲಿ ಕಿಟಕಿಗೂ ಪರದೆ ಕಟ್ಟಿದ್ದಾರಂತೆ.