ಫೋಟೊ ಪ್ರಿಂಟರ್ ಕೊಳ್ಳುವ ಮುನ್ನ

ಮಗಳ ಪ್ರಾಜೆಕ್ಟಿಗೆ ನಾಲ್ಕು ಬಣ್ಣದ ಚಿತ್ರ ಬೇಕು. ಅಜ್ಜಿಯ ಹುಟ್ಟುಹಬ್ಬದ ಫೋಟೊಗಳು ಮೊಬೈಲಿನಲ್ಲೇ ಉಳಿದಿವೆ. ‘ಒಂದು ಪ್ರಿಂಟರ್ ತಂದುಬಿಡೋಣ’ ಎಂಬ ಮಾತು ಮನೆಗಳಲ್ಲಿ ಹುಟ್ಟುವುದೇ ಹೀಗೆ. ಅಂಗಡಿಗೆ ಹೋದಾಗ ಎಲ್ಲರೂ ನೋಡುವುದು ಯಂತ್ರದ ಬೆಲೆ. ಶಾಯಿಯ ಮತ್ತು ಕಾಗದದ ಖರ್ಚು ತಿಳಿಯುವುದು ಆಮೇಲೆ.

ಮನೆಬಳಕೆಯ ಪ್ರಿಂಟರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಲೇಸರ್ ಪ್ರಿಂಟರ್ ಟೋನರ್ ಎಂಬ ಪುಡಿಯನ್ನು ಕಾಗದದ ಮೇಲೆ ಕೂರಿಸಿ, ಶಾಖದಿಂದ ಕರಗಿಸಿ ಅಂಟಿಸುತ್ತದೆ. ಅಕ್ಷರಗಳಿಗೆ ಇದು ಬಲು ಉತ್ತಮ; ಮುಖದ ನೆರಳು ಬೆಳಕಿನ ನವಿರಾದ ಛಾಯೆಗಳಿಗೆ ಸಾಲದು. ಇಂಕ್‌ಜೆಟ್ ಪ್ರಿಂಟರ್ ಕೂದಲೆಳೆಗಿಂತ ಸಣ್ಣ ರಂಧ್ರಗಳಿಂದ ಶಾಯಿಯ ಹನಿಗಳನ್ನು ಚಿಮ್ಮಿಸುತ್ತದೆ. ಒಂದು ಹನಿ ಕೆಲವೇ ಪಿಕೊಲೀಟರ್‌ನಷ್ಟು. ಪಿಕೊಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಮೂರನೆಯದು ಡೈ ಸಬ್ಲಿಮೇಶನ್. ಇದರಲ್ಲಿ ದ್ರವ ಶಾಯಿಯೇ ಇಲ್ಲ. ಹಳದಿ, ಮಜೆಂಟಾ, ಸಯಾನ್ ಬಣ್ಣಗಳ ರಿಬ್ಬನ್ ಬಿಸಿಯಾದಾಗ ಬಣ್ಣ ವಿಶೇಷ ಕಾಗದದೊಳಕ್ಕೆ ಇಳಿಯುತ್ತದೆ. ಕೊನೆಗೆ ಪಾರದರ್ಶಕ ಲೇಪನವೊಂದು ಬೀಳುತ್ತದೆ.

ಫೋಟೊಗೆ ಹೆಚ್ಚು ಜನ ಕೊಳ್ಳುವುದು ಇಂಕ್‌ಜೆಟ್. ಅಷ್ಟು ಸಣ್ಣ ರಂಧ್ರದಲ್ಲಿ ಶಾಯಿ ಒಣಗಿದರೆ ಏನಾದೀತು? ಚಿತ್ರದಲ್ಲಿ ಬಿಳಿ ಗೆರೆಗಳು ಮೂಡುತ್ತವೆ. ರಂಧ್ರಗಳನ್ನು ಶುಚಿಗೊಳಿಸಲು ಯಂತ್ರವು ಶಾಯಿಯನ್ನೇ ಹರಿಸುತ್ತದೆ. ಹಬ್ಬಕ್ಕೊಮ್ಮೆ, ಪರೀಕ್ಷೆಗೊಮ್ಮೆ ಮಾತ್ರ ಯಂತ್ರ ತೆಗೆಯುವ ಮನೆಯಲ್ಲಿ ದುಬಾರಿ ಶಾಯಿಯ ದೊಡ್ಡ ಪಾಲು ಹೀಗೆಯೇ ವ್ಯರ್ಥವಾಗಬಹುದು. ವಾರಕ್ಕೊಂದು ಬಣ್ಣದ ಪುಟವಾದರೂ ಮುದ್ರಿಸುವವರಿಗೆ ಈ ತೊಂದರೆ ಕಡಿಮೆ. ಅಂಥವರಿಗೆ ಬಾಟಲಿಯಿಂದ ಶಾಯಿ ತುಂಬುವ ಇಂಕ್ ಟ್ಯಾಂಕ್ ಯಂತ್ರ ಒಳ್ಳೆಯದು. ಎಪ್ಸನ್ ಕಂಪನಿ 2010ರಲ್ಲಿ ಇಂಡೊನೇಷ್ಯಾದಲ್ಲಿ ತನ್ನ ಮೊದಲ ಇಂಥ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಯಂತ್ರದ ಬೆಲೆ ಹೆಚ್ಚಾದರೂ ಕಾರ್ಟ್ರಿಜ್‌ಗಿಂತ ಶಾಯಿ ಅಗ್ಗ.

ಶಾಯಿಯಲ್ಲೂ ಎರಡು ಬಗೆಯುಂಟು. ನೀರಿನಲ್ಲಿ ಉಪ್ಪು ಕರಗುತ್ತದೆ. ಅಕ್ಕಿಹಿಟ್ಟು ಕದಡಿ ನಿಲ್ಲುತ್ತದೆ. ಡೈ ಶಾಯಿ ಮೊದಲನೆಯದರಂತೆ, ಪಿಗ್ಮೆಂಟ್ ಶಾಯಿ ಎರಡನೆಯದರಂತೆ. ಡೈ ಬಣ್ಣಗಳಿಗೆ ಹೊಳಪು ಹೆಚ್ಚು. ಬಿಸಿಲನ್ನೂ ತೇವವನ್ನೂ ತಡೆಯುವ ಶಕ್ತಿ ಸಾಮಾನ್ಯವಾಗಿ ಪಿಗ್ಮೆಂಟ್‌ಗೆ ಹೆಚ್ಚು. ವಿದ್ಯಾರ್ಥಿಗಳು ಇದನ್ನು ಪ್ರಯೋಗ ಮಾಡಿ ನೋಡಬಹುದು. ಬೇಡವಾದ ಒಂದು ಮುದ್ರಿತ ಚಿತ್ರವನ್ನು ಎರಡಾಗಿ ಕತ್ತರಿಸಿ, ಒಂದನ್ನು ಪುಸ್ತಕದೊಳಗೆ, ಇನ್ನೊಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಎರಡು ತಿಂಗಳ ನಂತರ ಹೋಲಿಸಿ. ಗೋಡೆಗೆ ಹಾಕುವ ಅಜ್ಜಿಯ ಫೋಟೊ ಎಲ್ಲಿರಬೇಕು ಎಂಬುದಕ್ಕೆ ಉತ್ತರ ಸಿಗುತ್ತದೆ.

ಯಂತ್ರ ಎಷ್ಟೇ ಒಳ್ಳೆಯದಿರಲಿ, ಮೂಲಚಿತ್ರ ಸರಿಯಿರಬೇಕು. ಅಂಗುಲಕ್ಕೆ 300 ಬಿಂದುಗಳಂತೆ 4×6 ಅಂಗುಲದ ಫೋಟೊಗೆ 1200×1800, ಅಂದರೆ 21.6 ಲಕ್ಷ ಬಿಂದುಗಳು ಬೇಕು. ಎ4 ಹಾಳೆಗೆ ಸುಮಾರು 87 ಲಕ್ಷ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ಸಾಮಾನ್ಯವಾಗಿ ಕುಗ್ಗಿರುತ್ತದೆ. ತೆಗೆದವರ ಮೊಬೈಲಿನಿಂದಲೇ ಮೂಲಪ್ರತಿ ಪಡೆಯುವುದು ಲೇಸು.

ಇನ್ನು ಲೆಕ್ಕ. ಕಾರ್ಟ್ರಿಜ್ ಪೊಟ್ಟಣದ ಮೇಲಿನ ಪುಟಸಂಖ್ಯೆ ಸಾಮಾನ್ಯ ದಾಖಲೆಗಳಿಗೆ ಸಂಬಂಧಿಸಿದ್ದು. ಫೋಟೊದಲ್ಲಿ ಹಾಳೆ ತುಂಬ ಬಣ್ಣ, ಆದ್ದರಿಂದ ಅಷ್ಟು ಪ್ರತಿಗಳು ಬರಲಾರವು. ಡೈ ಸಬ್ಲಿಮೇಶನ್ ರಿಬ್ಬನ್ನಿನಲ್ಲಾದರೋ ಇಷ್ಟೇ ಪ್ರತಿಗಳೆಂದು ಮೊದಲೇ ನಿಗದಿಯಾಗಿರುತ್ತದೆ. ಒಣಗುವ ಭಯವೂ ಇಲ್ಲ. ಆಗಾಗ ಸಣ್ಣ ಫೋಟೊ ಮಾತ್ರ ಬೇಕಿದ್ದವರಿಗೆ ಅದು ಸೂಕ್ತ.

ಕಳೆದ ಒಂದು ವರ್ಷದಲ್ಲಿ ಮನೆಗೆ ನಿಜವಾಗಿ ಎಷ್ಟು ಫೋಟೊ ಬೇಕಾದವು ಎಂದು ಮಕ್ಕಳೇ ಕೂತು ಪಟ್ಟಿ ಮಾಡಲಿ. ಸಂಖ್ಯೆ ಐವತ್ತನ್ನು ದಾಟದಿದ್ದರೆ ಪ್ರಿಂಟರಿನ ಹಣ ಉಳಿಸಿ, ಊರಿನ ಸ್ಟುಡಿಯೋದಲ್ಲಿ ಪ್ರತಿ ಹಾಕಿಸುವುದೇ ಜಾಣತನ.